ಎರಡು ಕೈಗಳ ನಡುವಿನ ಗೆರೆ

ಜಯಪುರದ ಪೇಟೆಬೀದಿಯಲ್ಲಿದ್ದ ನಮ್ಮ ಮನೆಗೆ ಮೂರೇ ಕೋಣೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ರೇಡಿಯೋ ರಿಪೇರಿ ಅಂಗಡಿ, ಹಿಂದಿನದು ಅಡುಗೆಮನೆ, ನಡುವಿನದು ಉಳಿದೆಲ್ಲದಕ್ಕೂ. ಅಂಗಡಿಗೂ ನಡುಕೋಣೆಗೂ ಮಧ್ಯೆ ಬಾಗಿಲಿರಲಿಲ್ಲ, ಒಂದು ಹಸಿರು ಪರದೆ ಇಳಿಬಿಟ್ಟಿತ್ತು. ಆ ಪರದೆಯಿಂದ ಒಳಗೆ ಅಪ್ಪನ ಸಾಮಾನು ಒಂದೂ ಬರಕೂಡದೆಂದು ಗಿರಿಜತ್ತೆಯ ಕಟ್ಟಪ್ಪಣೆ. ಆದರೂ ಊಟಕ್ಕೆ ಕೂತರೆ ಮಣೆಯಡಿಯಿಂದ ರೆಸಿಸ್ಟರಿನ ತಂತಿ ಚುಚ್ಚುತ್ತಿತ್ತು. ಹಾಸಿಗೆ ಕೊಡವಿದರೆ ಸೀಸದ ಸಣ್ಣ ಗುಂಡುಗಳು ಉದುರುತ್ತಿದ್ದವು. ಒಮ್ಮೆ ಕೆಸುವಿನ ಪತ್ರೊಡೆಯ ಉಂಡೆಯೊಳಗೆ ಒಂದು ಪುಟ್ಟ ಸ್ಕ್ರೂ ಸಿಕ್ಕಿ, ಅತ್ತೆ ಅದನ್ನು ತೊಳೆದು, ಅಪ್ಪನ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ಇಟ್ಟು, ಒಳಗೆ ಹೋಗಿದ್ದರು.

ಗಿರಿಜತ್ತೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಅಪ್ಪನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವರು. ಅವನನ್ನು ಎತ್ತಿ ಆಡಿಸಿ, ಶಾಲೆಗೆ ಕಳಿಸಿ, ಕೊನೆಗೆ ಮದುವೆ ಮಾಡಿಸಿದವರೂ ಅವರೇ. ಮನೆ ನಡೆಯುತ್ತಿದ್ದುದು ಅವರ ಲೆಕ್ಕದಲ್ಲಿ. ಎಲ್ಲರ ಎಲೆಗೂ ಮೊದಲ ಸೌಟು ಅವರ ಕೈಯಿಂದಲೇ ಬೀಳಬೇಕು, ಉಳಿದವರು ಉಂಡೇಳುವ ತನಕ ಅವರು ನಿಂತೇ ಇರಬೇಕು. ಹಗಲಲ್ಲಿ ಮಲಗುವುದು ಅವರ ಪ್ರಕಾರ ರೋಗಿಗಳ ಕೆಲಸ. ಜ್ವರ ಬಂದಾಗಲೂ ಗೋಡೆಗೊರಗಿ ಕೂತು ಹುರುಳಿ ಆರಿಸುತ್ತಿದ್ದರು. ಅಮ್ಮ ಕಡಹಿನಬೈಲಿನವಳು, ಪಿಯುಸಿಯಲ್ಲಿ ವಿಜ್ಞಾನ ಓದಿದವಳು, ಹುಳಿಗೆ ತೆಂಗಿನಕಾಯಿ ಹೆಚ್ಚು ಹಾಕುವವಳು. ಈ ತೆಂಗಿನಕಾಯಿಯ ವಿಷಯದಲ್ಲಿ ಅವರಿಬ್ಬರ ನಡುವೆ ವಾರಕ್ಕೆರಡು ಸಲ ಮಾತು ನಿಲ್ಲುತ್ತಿತ್ತು. ಆಗ ನಾನು ನಡುವೆ ಓಡಾಡುವ ಅಂಚೆಯಾಗುತ್ತಿದ್ದೆ. "ನಿನ್ನಮ್ಮನಿಗೆ ಹೇಳು, ಒಲೆ ಮೇಲೆ ಹಾಲಿದೆ" ಎಂದು ಅತ್ತೆ ಹೇಳುತ್ತಿದ್ದುದು ಅಮ್ಮ ಎರಡು ಮಾರು ದೂರದಲ್ಲಿ ಕೂತಿದ್ದಾಗ. ನಾನು ಒಬ್ಬಳೇ ಮಗಳು, ಆಗ ಆರನೇ ಕ್ಲಾಸು.

ಆ ವರ್ಷ ಮಳೆ ಹಿಡಿಯುವ ಮುಂಚೆ, ಊರಿನಲ್ಲಿ ಚಿಕ್ಕದೊಂದು ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರು ಒಂದು ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬಂದರು. ಸೂಟ್‌ಕೇಸಿನಷ್ಟು ದೊಡ್ಡದು. ಮುಚ್ಚಳ ತೆಗೆದರೆ ಒಳಗೆ ಚೌಕುಳಿ ಕಾಗದದ ಸುರುಳಿ, ಅದರ ಮೇಲೆ ಆತುಕೊಂಡು ಬಿಸಿಯಾಗಿ ಗೆರೆ ಬರೆಯುವ ಒಂದು ಕಡ್ಡಿ, ಬಣ್ಣಬಣ್ಣದ ವೈರುಗಳು. ಇಸಿಜಿ ಮಷಿನ್ನು ಎಂಬುದನ್ನು ನಾನು ಮೊದಲು ನೋಡಿದ್ದು ಹಾಗೆ.

"ವಿಶ್ವಣ್ಣ, ಇದು ಎದೆಬಡಿತ ಬರೆಯೋದು ಬಿಟ್ಟು ಬೇಲಿ ಬರೀತಿದೆ. ಕಂಪನಿಯವ್ರು ಬರೋದು ಇನ್ನು ಯಾವಾಗ್ಲೋ. ಒಂಚೂರು ನೋಡ್ತೀರಾ?"

"ಇಂಥದ್ದು ನಾನು ಬಿಚ್ಚಿದೋನಲ್ಲ ಡಾಕ್ಟ್ರೇ. ನೋಡ್ತೀನಿ. ಆಗ್ದಿದ್ರೆ ಹೇಗಿತ್ತೋ ಹಾಗೇ ಮುಚ್ಚಿ ಕೊಡ್ತೀನಿ."

ಅಪ್ಪ ಅದನ್ನು ಎರಡು ದಿನ ಬರೀ ನೋಡಿದ. ಮೂರನೇ ದಿನ ಬಿಚ್ಚಿದ. ಒಳಗಿನ ಬ್ಯಾಟರಿ ಸತ್ತಿತ್ತು, ಟಾರ್ಚಿನ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಅದರ ಬದಲು ಕೊಟ್ಟ. ಮನುಷ್ಯರಿಗೆ ಕಟ್ಟುವ ಯಂತ್ರವನ್ನು ಗೋಡೆಯ ಕರೆಂಟಿಗೆ ಕೊಟ್ಟು ಪ್ರಯೋಗ ಮಾಡುವ ಧೈರ್ಯ ತನಗಿಲ್ಲ ಎಂದು ಅಮ್ಮನಿಗೆ ಹೇಳಿದ್ದು ನೆನಪಿದೆ. ಆಮೇಲೆ ಬೆಂಚಿನ ಮೇಲೆ ತಾನೇ ಮಲಗಿ, ಎರಡೂ ಮಣಿಕಟ್ಟಿಗೆ, ಬಲಗಾಲಿಗೆ ತಗಡಿನ ಪಟ್ಟಿ ಕಟ್ಟಿಸಿಕೊಂಡ. ಗುಂಡಿ ಒತ್ತಿದವಳು ನಾನು. ಕಾಗದ ಸರಸರ ಹೊರಬಂತು. ಗೆರೆಯ ಬದಲು ಅದರಲ್ಲಿ ಬೆರಳಗಲದ ಕಪ್ಪು ಪಟ್ಟಿ. ಹತ್ತಿರ ಹಿಡಿದು ನೋಡಿದರೆ ಒತ್ತೊತ್ತಾಗಿ ಹಲ್ಲುಗಳು. ಡಾಕ್ಟರು ಬೇಲಿ ಎಂದದ್ದು ಅದಕ್ಕೆ. ಅಷ್ಟರಲ್ಲಿ ಎಂದಿನಂತೆ ಕರೆಂಟು ಹೋಯಿತು. ಸೆಲ್ಲಿನ ಮೇಲಿದ್ದ ಯಂತ್ರ ಮಾತ್ರ ಓಡುತ್ತಲೇ ಇತ್ತು. ಕರೆಂಟು ಹೋದ ಆ ಗಳಿಗೆಯಿಂದ ಕಾಗದದ ಮೇಲಿನ ಪಟ್ಟಿ ಇದ್ದಕ್ಕಿದ್ದಂತೆ ಕೂದಲೆಳೆಯಷ್ಟು ತೆಳ್ಳಗಾಗಿ, ಅದರ ಮೇಲೆ ಅಪ್ಪನ ಎದೆಬಡಿತ ಚೂಪುಚೂಪಾಗಿ ಎದ್ದು ನಿಂತಿತು. ಅಪ್ಪ ಪಟ್ಟಿಗಳನ್ನು ಬಿಚ್ಚಿಕೊಳ್ಳದೆಯೇ ಎದ್ದು ಕೂತ.

"ಮಷಿನ್ ಬರೀತಿದೆ. ಅದಕ್ಕೆ ಕಳೆಯೋದು ಮರೆತು ಹೋಗಿದೆ ಅಷ್ಟೆ."

ಆ ಸಂಜೆ ಒಂದು ಹಳೇ ಮದುವೆ ಕಾಗದದ ಹಿಂದೆ ಅಪ್ಪ ನನಗೆ ಬರೆದು ತೋರಿಸಿದ ಚಿತ್ರವನ್ನು ಈಗ ಮೂವತ್ತು ವರ್ಷದಿಂದ ನಾನು ಪಾಲಿಟೆಕ್ನಿಕ್ಕಿನ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಎದುರುಬದುರಾಗಿ ಎರಡು ಟ್ರಾನ್ಸಿಸ್ಟರು. ಎರಡರ ಎಮಿಟರ್ ಎಂಬ ಕಾಲುಗಳೂ ಒಂದೇ ಕಡೆ ಸೇರಿವೆ, ಅಲ್ಲಿಂದ ಕೆಳಕ್ಕೆ ಒಂದೇ ದಾರಿ. ನಮ್ಮ ಮನೆಯ ಗೋಡೆಗಳೊಳಗೆ ಹರಿಯುವ ಕರೆಂಟು ನಮಗೆ ಗೊತ್ತಿಲ್ಲದೆಯೇ ನಮ್ಮ ಮೈಯನ್ನು ಸದಾ ಅಲುಗಿಸುತ್ತಿರುತ್ತದೆ, ಎಡಗೈಯನ್ನೂ ಬಲಗೈಯನ್ನೂ ಒಂದೇ ಸಮ. ಹೃದಯ ಕೊಡುವ ವೋಲ್ಟೇಜು ಅದರ ಮುಂದೆ ಏನೇನೂ ಅಲ್ಲ, ವೋಲ್ಟಿನ ಸಾವಿರದಲ್ಲೊಂದು ಪಾಲು. ಆದರೆ ಅದು ಎರಡು ಕೈಗಳಲ್ಲಿ ಒಂದೇ ಸಮ ಇರುವುದಿಲ್ಲ. ಎಡಗೈ ಒಂದು ಟ್ರಾನ್ಸಿಸ್ಟರಿಗೆ, ಬಲಗೈ ಇನ್ನೊಂದಕ್ಕೆ.

"ಕೆಳಗಿನ ದಾರೀಲಿ ಹೋಗೋ ಕರೆಂಟು ಇಷ್ಟೇ ಅಂತ ಮೊದಲೇ ಕಟ್ಟಿಟ್ಟಿರ್ತಾರೆ ಕೂಸೇ. ಇವನು ಜಾಸ್ತಿ ತಗೊಂಡ್ರೆ ಅವನಿಗೆ ಅಷ್ಟೇ ಕಮ್ಮಿ. ಈಗ ಇಬ್ರ ವೋಲ್ಟೇಜನ್ನೂ ಒಟ್ಟಿಗೆ ಮೇಲೆತ್ತು. ಎಂತ ಆಗುತ್ತೆ?"

"ಇಬ್ರೂ ಜಾಸ್ತಿ ಕೇಳ್ತಾರೆ."

"ಕೇಳ್ತಾರೆ. ಕೊಡೋಕೆ ಜಾಸ್ತಿ ಎಲ್ಲಿದೆ? ಹಂಚಿಕೆ ಮೊದಲಿನ ಹಾಗೇ ಇರುತ್ತೆ. ಹೊರಗೆ ಎಂತದೂ ಕಾಣಲ್ಲ. ಒಬ್ಬನ್ನ ಮಾತ್ರ ಚೂರು ಎತ್ತು, ಹಂಚಿಕೆ ತಪ್ಪುತ್ತೆ. ನಾವು ದೊಡ್ಡದು ಮಾಡೋದು ಅದನ್ನ."

ಇದು ನಡೆಯಬೇಕಾದರೆ ಇಬ್ಬರೂ ಒಂದೇ ತೆರನಾಗಿರಬೇಕು. ಯಂತ್ರದೊಳಗಿನ ಜೋಡಿಯಲ್ಲಿ ಒಂದು ತೇವಕ್ಕೆ ಕೆಟ್ಟು ಬಲ ಕಳೆದುಕೊಂಡಿತ್ತು. ಹಾಗಾಗಿ ಎರಡೂ ಕೈಯಿಂದ ಸಮನಾಗಿ ಬಂದದ್ದು ಸಮನಾಗಿ ಕಳೆಯದೆ ಬೇಲಿಯಾಗಿ ಉಳಿಯುತ್ತಿತ್ತು. ಅಂಥದೇ ಹೊಸ ಜೋಡಿ ಜಯಪುರದಲ್ಲಿ ಎಲ್ಲಿ ಸಿಗಬೇಕು? ಅಪ್ಪನ ಹತ್ತಿರ ಬೋರ್ನ್‌ವೀಟಾದ ಡಬ್ಬಿ ತುಂಬ ಆ ಜಾತಿಯ ಟ್ರಾನ್ಸಿಸ್ಟರುಗಳಿದ್ದವು. ಒಂದೊಂದನ್ನೂ ಒಂದೇ ಕರೆಂಟಿನಲ್ಲಿ ಅಳೆದು, ಅಂಕಿ ಬರೆದು, ಅದರಲ್ಲಿ ಸರಿಜೋಡಿ ಹುಡುಕುವ ಕೆಲಸ ನನ್ನ ಬೇಸಿಗೆ ರಜೆಯ ದಿನಗಳನ್ನು ತಿನ್ನತೊಡಗಿತು. ಬೆರಳಲ್ಲಿ ಹಿಡಿದರೆ ಅಂಕಿ ಜರುಗುತ್ತಿತ್ತು. ಒಂದು ಡಿಗ್ರಿ ಬಿಸಿಗೆ ಟ್ರಾನ್ಸಿಸ್ಟರು ಸುಮಾರು ಎರಡು ಮಿಲಿವೋಲ್ಟು ಸರಿದುಬಿಡುತ್ತದೆ, ಹೃದಯ ಕೊಡುವುದೇ ಒಂದು ಮಿಲಿವೋಲ್ಟು. ಚಿಮಟದಲ್ಲಿ ಹಿಡಿದು ಸಿಕ್ಕಿಸಬೇಕು, ಉಸಿರು ತಾಗದಂತೆ ಮುಖ ತಿರುಗಿಸಿ ನೂರು ಎಣಿಸಬೇಕು, ಆಮೇಲೆ ಓದಬೇಕು. ನಾಲ್ಕನೇ ದಿನ ಕೊನೆಯ ಅಂಕಿಯವರೆಗೂ ಕೂಡಿಬಂದ ಎರಡು ಸಿಕ್ಕಿದವು. ಅವೆರಡಕ್ಕೂ ಸದಾ ಒಂದೇ ಬಿಸಿ ಇರಲೆಂದು ಅಪ್ಪ ತೂತಾದ ತಾಮ್ರದ ತಂಬಿಗೆಯೊಂದರಿಂದ ತಗಡು ಕತ್ತರಿಸಿ ಎರಡನ್ನೂ ಒಟ್ಟಿಗೆ ಸುತ್ತಿದ.

ಮೊದಲು ತನಗೆ ಕಟ್ಟಿಕೊಂಡು ನೋಡಿದ. ಆಮೇಲೆ ನನ್ನನ್ನು ಬೆಂಚಿನ ಮೇಲೆ ಮಲಗಿಸಿದ. ಕರೆಂಟಿತ್ತು, ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಆದರೂ ಗೆರೆ ತೆಳ್ಳಗೆ ಬಂತು. ನನ್ನ ಒಂದೊಂದು ಬಡಿತಕ್ಕೂ ಮೊದಲು ಒಂದು ಸಣ್ಣ ಉಬ್ಬು, ಅದರ ಹಿಂದೆ ಎತ್ತರದ ಮುಳ್ಳು, ಕೊನೆಗೆ ಒಂದು ದುಂಡಗಿನ ಉಬ್ಬು. ಅಪ್ಪ ಆ ಕಾಗದವನ್ನು ಹರಿದು ಅಮ್ಮನಿಗೆ ಕೊಟ್ಟು, "ನಿನ್ನ ಮಗಳು" ಎಂದ. ಅಮ್ಮನದೂ ಹಾಗೇ ಬಂತು. ಮೈಕ್ ಸೆಟ್ ಬಾಡಿಗೆಗೆ ಕೊಡುವ ಹಮೀದ್ ಸಾಹೇಬರು ಯಾವುದೋ ಆಂಪ್ಲಿಫೈಯರಿಗೆಂದು ಬಂದವರು ತಾವೂ ಮಲಗಿ ಬರೆಸಿಕೊಂಡರು. ಉಳಿದವರು ಗಿರಿಜತ್ತೆ ಒಬ್ಬರೇ.

"ಹಗಲು ಹೊತ್ತು ಅಂಗಡೀಲಿ ಕಾಲು ಚಾಚಿ ಮಲಗ್ಲಿಕ್ಕೆ ನಂಗೆಂತ ಬಂದಿದೆ?"

"ಎರಡು ನಿಮಿಷ ಅಕ್ಕ. ವಯಸ್ಸಾದವ್ರದ್ದೂ ಒಂದು ನೋಡ್ಬೇಕು."

ಅತ್ತೆ ಸೆರಗು ಸುತ್ತಿಕೊಂಡು, ಚಾವಣಿ ನೋಡುತ್ತ, ಸಿಟ್ಟಿನಿಂದ ಮಲಗಿದರು. ಗೆರೆ ತೆಳ್ಳಗೇ ಇತ್ತು. ಮುಳ್ಳು, ಮುಳ್ಳು, ಮುಳ್ಳು, ಆಮೇಲೆ ಒಂದು ಬಯಲು. ಮತ್ತೆ ಎರಡು ಮುಳ್ಳು, ಮತ್ತೆ ಬಯಲು. ಅಪ್ಪನ ಮುಖ ಇಳಿಯಿತು. ಕೈಪಟ್ಟಿ ಸಡಿಲವಾಗಿದೆ ಎಂದು ಬಿಗಿಮಾಡಿದ. ಬಯಲು ಹೋಗಲಿಲ್ಲ. ಚರ್ಮ ಒಣಗಿದೆಯೆಂದು ಪಟ್ಟಿಯಡಿಗೆ ಸವರುವ ಜೆಲ್ಲಿಯನ್ನು ಇನ್ನಷ್ಟು ಹಚ್ಚಿದ. ಅಷ್ಟರಲ್ಲಿ ಅತ್ತೆ, ಅನ್ನ ಸೀದುಹೋಗುತ್ತದೆ ಎಂದು ಎದ್ದೇಬಿಟ್ಟರು.

ಮುಂದಿನ ಹತ್ತು ದಿನ ನಮ್ಮ ಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಜನರ ರೇಡಿಯೋಗಳು ಗೋಡೆ ಪಕ್ಕ ಸಾಲುಗಟ್ಟಿದವು. ತಾನು ಹೊಸದಾಗಿ ಹಾಕಿದ ಜೋಡಿಯೇ ನಡುನಡುವೆ ಕೈಕೊಡುತ್ತಿದೆ ಎಂದು ಅಪ್ಪನ ತೀರ್ಮಾನ. ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ತಾಮ್ರದ ತಗಡು ತೆಗೆದು ಅಲ್ಯೂಮಿನಿಯಂ ತುಂಡು ಕೊರೆದು ಕೂರಿಸಿದ. ಎರಡನೇ ಜೋಡಿ, ಮೂರನೇ ಜೋಡಿ ಹುಡುಕಿಸಿದ. ಪ್ರತಿ ಸಲವೂ ನನಗೆ ಕಟ್ಟಿದರೆ ಗೆರೆ ಸರಿ, ಅಮ್ಮನಿಗೆ ಕಟ್ಟಿದರೆ ಸರಿ, ಅತ್ತೆಗೆ ಕಟ್ಟಿದರೆ ಬಯಲು. ನಮ್ಮದು ಸರಿಬಂದಾಗ ಅವನು, "ಈಗ ಬಿಸಿಲಿದೆ, ತೇವ ಇಲ್ಲ, ಅದಕ್ಕೇ ಸರಿ ಇದೆ" ಎನ್ನುತ್ತಿದ್ದ. ಅತ್ತೆ ಮಾತ್ರ ಮೂರನೇ ಸಲದಿಂದ ಗೊಣಗುವುದನ್ನು ಬಿಟ್ಟಿದ್ದರು. ಕರೆದ ಕೂಡಲೇ ಬಂದು ಮಲಗುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಹಾಗೇ ಇರುತ್ತಿದ್ದರು. ಯಂತ್ರ ಅವರಿಗೆ ಅಭ್ಯಾಸವಾಯಿತೆಂದು ನಾವೆಲ್ಲ ತಿಳಿದೆವು. ಹಗಲಲ್ಲಿ ಮಲಗಲು ಅವರಿಗೊಂದು ನೆಪ ಸಿಕ್ಕಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಕಾಗದದ ತುಂಡುಗಳನ್ನು ಜೋಡಿಸಿಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಅತ್ತೆಯ ಕಾಗದಗಳನ್ನೆಲ್ಲ ನಡುಕೋಣೆಯ ನೆಲದ ಮೇಲೆ ಹಾಸಿಕೊಂಡು ಕೂತಿದ್ದೆ. ಬಯಲು ಎಂದು ನಾವು ಕರೆಯುತ್ತಿದ್ದ ಜಾಗ ಪೂರ್ತಿ ಬಯಲಾಗಿರಲಿಲ್ಲ. ಅಲ್ಲೂ ಹೊತ್ತಿಗೆ ಸರಿಯಾಗಿ ಒಂದು ಸಣ್ಣ ಉಬ್ಬು ಬರುತ್ತಿತ್ತು. ಅದರ ಹಿಂದೆ ಬರಬೇಕಾದ ಎತ್ತರದ ಮುಳ್ಳು ಮಾತ್ರ ಬರುತ್ತಿರಲಿಲ್ಲ. ನಾನು ಅದನ್ನು ಅಪ್ಪನಿಗೆ ಒಯ್ದು ತೋರಿಸಿದೆ.

"ಅಪ್ಪ, ಟ್ರಾನ್ಸಿಸ್ಟರ್ ಕೈಕೊಟ್ರೆ ಸಣ್ಣದು ಹೋಗ್ಬೇಕು, ದೊಡ್ಡದು ಉಳೀಬೇಕು ಅಲ್ವ? ಇಲ್ಲಿ ಸಣ್ಣದು ಉಳಿದು ದೊಡ್ಡದು ಹೋಗಿದೆ."

ಅಪ್ಪ ಕಾಗದವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಮಡಚಿ ನನ್ನ ಕೈಗೆ ಕೊಟ್ಟು, "ನಿಂಗೆ ಗೊತ್ತಾಗಲ್ಲ, ಹೋಗು" ಎಂದ. ಅವನು ನನಗೆ ಹಾಗೆ ಹೇಳಿದ್ದು ಅದೊಂದೇ ಸಲ. ಟ್ರಾನ್ಸಿಸ್ಟರಿನ ವಿಷಯದಲ್ಲಿ ನನಗೆ ಗೊತ್ತಾಗುವುದಿಲ್ಲ ಎಂದು ಅವನು ಎಂದೂ ಅಂದವನಲ್ಲ. ನಾನು ಪರದೆಯ ಹಿಂದೆ ಹೋಗಿ ಅತ್ತುಬಿಟ್ಟೆ. ಅಡುಗೆಮನೆಯಲ್ಲಿದ್ದ ಅಮ್ಮ ಅದನ್ನು ಕಂಡಳು. ಕೈ ಒರೆಸಿಕೊಂಡು ಬಂದು ಕಾಗದ ಬಿಡಿಸಿ ನೋಡಿದಳು. ಅವತ್ತು ಅತ್ತೆಗೂ ಅವಳಿಗೂ ಮಾತಿರಲಿಲ್ಲ, ಹಿಂದಿನ ದಿನದ ಸೌತೆಕಾಯಿ ಹುಳಿಯ ಸಂಬಂಧ. ಆದರೂ ನೇರ ಹೋಗಿ ಹಿತ್ತಿಲಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದ ಅವರೆದುರು ನಿಂತಳು.

"ಅತ್ತಿಗೆ, ಒಂದ್ಸಲ ಬನ್ನಿ. ಇನ್ನೊಂದು ಬರೆಸೋಣ. ಈ ಸಲ ನಾನು ಜೊತೆಗಿರ್ತೀನಿ."

ಅಂಗಡಿಯಲ್ಲಿ ಅತ್ತೆ ಮಲಗಿದರು, ಅಪ್ಪ ಪಟ್ಟಿ ಕಟ್ಟಿದ. ಅಮ್ಮ ತಲೆಯ ಬಳಿ ಸ್ಟೂಲು ಹಾಕಿಕೊಂಡು ಯಂತ್ರದ ಕಡೆ ಬೆನ್ನು ಮಾಡಿ ಕೂತಳು. ಎರಡು ಬೆರಳನ್ನು ಅತ್ತೆಯ ಕುತ್ತಿಗೆಯ ಮಗ್ಗುಲಿಗೆ ಮೆಲ್ಲಗೆ ಇಟ್ಟಳು.

"ನಾನು ಕಾಗದ ನೋಡಲ್ಲ. ಬೆರಳಿಗೆ ಬಡಿತ ಸಿಕ್ಕಿದಾಗೆಲ್ಲ ಹೂಂ ಅಂತೀನಿ. ನೀವು ಗೆರೆ ನೋಡ್ತಾ ಇರಿ."

ನಾನು ಗುಂಡಿ ಒತ್ತಿದೆ. ಹೂಂ, ಹೂಂ, ಹೂಂ ಎಂದಳು ಅಮ್ಮ, ಒಂದೊಂದು ಹೂಂಗೂ ಒಂದೊಂದು ಮುಳ್ಳು ಎದ್ದಿತು. ಆಮೇಲೆ ಅಮ್ಮ ಸುಮ್ಮನಾದಳು. ಕಾಗದದಲ್ಲಿ ಬಯಲು ಹರಿಯಿತು. ಮತ್ತೆ ಹೂಂ, ಹೂಂ. ಮತ್ತೆ ಮೌನ, ಮತ್ತೆ ಬಯಲು. ಒಂದು ಸಲವೂ ತಪ್ಪಲಿಲ್ಲ. ಯಂತ್ರಕ್ಕೂ ಅಮ್ಮನ ಬೆರಳಿಗೂ ನಡುವೆ ಯಾವ ವೈರೂ ಇರಲಿಲ್ಲ. ಒಂದು ಮೌನ ಎಷ್ಟು ಉದ್ದವಾಯಿತೆಂದರೆ ಅಮ್ಮ ತಾನೇ ತಿರುಗಿ ಅತ್ತೆಯ ಮುಖ ನೋಡಿದಳು. ಅಪ್ಪ ಕೈ ಚಾಚಿ ಯಂತ್ರ ಆರಿಸಿದ. ಬೀದಿಯಲ್ಲಿ ಕೊಪ್ಪದ ಬಸ್ಸು ನಿಂತು, ಜನ ಇಳಿದು, ಮತ್ತೆ ಹೊರಟಿತು.

"ಅಕ್ಕ, ನಿಂಗೆ ತಲೆ ಎಂತಾದ್ರು ತಿರುಗುತ್ತಾ?" ಅಪ್ಪ ಕೇಳಿದ.

"ಎಲ್ರಿಗೂ ತಿರುಗುತ್ತೆ. ಕೂತ್ರೆ ಸರಿಯಾಗುತ್ತೆ" ಎಂದರು ಅತ್ತೆ.

ಎಷ್ಟು ದಿನದಿಂದ ಎಂದು ಅಮ್ಮ ಕೇಳಿದಳು. ದೀಪಾವಳಿಯಿಂದ ಎಂದರು. ಹುರುಳಿ ಆರಿಸುವ ನೆಪದಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದುದು, ಬಚ್ಚಲಿನಲ್ಲಿ ಎರಡು ಸಲ ಬಿದ್ದದ್ದು, ಮೊಣಕೈಯ ಗಾಯಕ್ಕೆ ಬೆಕ್ಕು ಪರಚಿತು ಎಂದದ್ದು, ಎಲ್ಲ ಆಗ ಒಂದೊಂದಾಗಿ ಹೊರಬಂತು. ಅಮ್ಮನಿಗೆ ಸಿಟ್ಟು ಬಂತು. ಇಷ್ಟು ದಿನ ಒಂದೇ ಒಲೆಯ ಮುಂದೆ ಬೇಯಿಸುತ್ತಿದ್ದೇವೆ, ತೆಂಗಿನಕಾಯಿ ಹೆಚ್ಚಾಯಿತು ಎಂದು ಹೇಳಲು ಬಾಯಿ ಬರುತ್ತದೆ, ಇದನ್ನು ಹೇಳಲು ಬರುವುದಿಲ್ಲವೇ ಎಂದಳು. ಹೇಳುತ್ತಲೇ ಅತ್ತೆಯ ಕೈಗೆ ಅಂಟಿದ್ದ ಜೆಲ್ಲಿಯನ್ನು ತನ್ನ ಸೆರಗಿನಿಂದ ಒರೆಸಿದಳು.

ಡಾಕ್ಟರು ಕಾಗದ ನೋಡಿದವರು ಯಂತ್ರದ ವಿಷಯ ಕೇಳಲೇ ಇಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗಬೇಕಾದ ಸುದ್ದಿ ನಡುನಡುವೆ ತಲುಪುತ್ತಿಲ್ಲ, ತಡಮಾಡಬೇಡಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ನಾಳೆಯೇ ಕರೆದುಕೊಂಡು ಹೋಗಿ ಎಂದರು. ಬಸ್ಸಿನಲ್ಲಿ ಕೂರಿಸುವುದು ಬೇಡ ಎಂದದ್ದಕ್ಕೆ ಹಮೀದ್ ಸಾಹೇಬರ ಜೀಪು ಬಂತು. ಹಿಂದಿನ ದಿನದ ಕಾರ್ಯಕ್ರಮಕ್ಕೆ ಕಟ್ಟಿದ್ದ ಮೈಕಿನ ಹಾರ್ನುಗಳನ್ನು ಇಳಿಸಲು ಪುರುಸೊತ್ತಾಗಿರಲಿಲ್ಲ. ನೆತ್ತಿಯ ಮೇಲೆ ಎರಡು ಹಾರ್ನು ಹೊತ್ತ ಜೀಪಿನಲ್ಲಿ ಅತ್ತೆ ಶೃಂಗೇರಿ ದಾಟಿ, ಆಗುಂಬೆ ಘಾಟಿ ಇಳಿದರು. ದಾರಿಯಲ್ಲಿ ಜನ ಯಾವುದೋ ಸಭೆಯ ಪ್ರಚಾರವಿರಬೇಕೆಂದು ನಿಂತು ಕಿವಿಗೊಡುತ್ತಿದ್ದರಂತೆ. ಅಮ್ಮನೂ ಜೊತೆಗೆ ಹೋದಳು. ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಇಟ್ಟರು. ಹದಿನೈದು ದಿನ ಅವರಿಬ್ಬರೂ ಅಲ್ಲಿದ್ದರು, ಅಪ್ಪ ಹೋಗಿ ಬಂದು ಮಾಡುತ್ತಿದ್ದ. ಮನೆಯಲ್ಲಿದ್ದ ದಿನ ನಾವಿಬ್ಬರೇ ಗಂಜಿ ಬೇಯಿಸಿ ಉಣ್ಣುತ್ತಿದ್ದೆವು. ಯಾರು ಮೊದಲು ಬಡಿಸಬೇಕೆಂದು ಗೊತ್ತಾಗದೆ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಕೂರುತ್ತಿದ್ದೆವು.

ಅಂಥ ಒಂದು ದಿನ ಅಪ್ಪ ತಾನಾಗಿ ಹೇಳಿದ.

"ಅವತ್ತು ನೀನು ಕಾಗದ ತಂದು ತೋರಿಸ್ದಾಗ ನಂಗೆ ಗೊತ್ತಾಗಿತ್ತು. ಮಷಿನ್ ಕೆಟ್ಟಿದ್ರೆ ಸಾಕು ಅಂತಿತ್ತು ನಂಗೆ. ಮಷಿನ್ ಆದ್ರೆ ನಾನು ಸರಿ ಮಾಡ್ತೀನಲ್ಲ."

ನಾನು ಅವನಿಗೆ ಇನ್ನಷ್ಟು ಗಂಜಿ ಬಡಿಸಿದೆ. ಈಗ ಲ್ಯಾಬಿನಲ್ಲಿ ವಿದ್ಯಾರ್ಥಿಯೊಬ್ಬಳು ಬೇಡದ ಅಲೆ ಕಂಡ ಕೂಡಲೇ ಟ್ರಾನ್ಸಿಸ್ಟರ್ ಕೀಳಲು ಹೊರಟರೆ, ಒಳಗೆ ಏನು ಬರುತ್ತಿದೆ ಎಂದು ಮೊದಲು ನೋಡು ಎನ್ನುತ್ತೇನೆ. ಅದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳುವುದು ಅಷ್ಟು ಸುಲಭವಾಗಿಲ್ಲ. ನನಗೆ ಬೇಕಾದವರ ವಿಷಯದಲ್ಲಿ ಕೆಟ್ಟ ಸುದ್ದಿ ಬಂದಾಗಲೆಲ್ಲ ನಾನೂ ಮೊದಲು ಸುದ್ದಿ ತಂದ ಫೋನನ್ನು, ವರದಿಯನ್ನು, ಡಾಕ್ಟರನ್ನು ಅನುಮಾನಿಸಿದ್ದೇನೆ. ನಾನು ನನ್ನಪ್ಪನ ಮಗಳು. ಬೆರಳಿಟ್ಟು ಎಣಿಸುವುದನ್ನು ಮಾತ್ರ ಅಮ್ಮನಿಂದ ಕಲಿತೆ.

ಅತ್ತೆ ಮರಳಿ ಬಂದ ದಿನ ಮಳೆಗಾಲ ಶುರುವಾಗಿತ್ತು. ಡಾಕ್ಟರಿಗೆ ಯಂತ್ರ ಹಿಂದಿರುಗಿಸಿ ಆಗಿತ್ತು. ಒಂದು ತಿಂಗಳು ಕೈ ಮೇಲೆತ್ತಬಾರದೆಂದು ಹೇಳಿ ಕಳಿಸಿದ್ದರಿಂದ ಅತ್ತೆ ಮಣೆಯ ಮೇಲೆ ಕೂತರು. ಅವರು ನಮ್ಮೊಂದಿಗೆ ಊಟಕ್ಕೆ ಕೂತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅಮ್ಮ ಬಡಿಸಿದಳು. ಅತ್ತೆ ಹುಳಿ ಕಲಸಿ ಒಂದು ತುತ್ತು ತಿಂದು, ಏನೋ ಹೇಳಲು ಹೊರಟು, ಹೇಳದೆ ಇನ್ನೊಂದು ತುತ್ತು ತಿಂದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಹತ್ತು ದಿನ ಆ ಮಷಿನ್ ಬಿಚ್ಚಿ ಬಿಚ್ಚಿ ನೋಡ್ದೆ. ಎಂತ ಆಗ್ತಿದೆ ಅಂತ ನನ್ನನ್ನೇ ಒಂದ್ಸಲ ಕೇಳಬಹುದಿತ್ತಲ್ಲ ಮಾರಾಯ."

ಅಪ್ಪ ಉಣ್ಣುವುದನ್ನು ನಿಲ್ಲಿಸಿದ.

"ಕೇಳಿದ್ರೆ ಹೇಳ್ತಿದ್ಯಾ ಅಕ್ಕ?"

ಅತ್ತೆ ಸ್ವಲ್ಪ ಯೋಚಿಸಿದರು.

"ಇಲ್ಲ" ಎಂದು, ಎಲೆಯನ್ನು ಅಮ್ಮನ ಕಡೆ ಸರಿಸಿ ಇನ್ನೊಂದು ಸೌಟು ಹುಳಿ ಕೇಳಿದರು.